ಮೊದಲ ಸಲ ಪರ್ಷಿಯನ್ ಊಟ: ಏನು ತರಿಸೋದು? ತಾಹ್‌ದಿಗ್ ಮನೆಯಲ್ಲಿ ಯಾಕೆ ಕೆಡುತ್ತೆ?

ಕುವೆಂಪುನಗರದಿಂದ:
ಭಾನುವಾರ ಮೈಸೂರಲ್ಲೇ ಒಂದು ಪರ್ಷಿಯನ್ (ಇರಾನಿ) ಹೋಟೆಲಿಗೆ ಮನೆಯವರು ಆರು ಜನ ಹೊರಟಿದ್ದೀವಿ. ಅಪ್ಪ ಅಮ್ಮ ಸಸ್ಯಾಹಾರಿಗಳು, ಮೊಟ್ಟೆಯೂ ಆಗಲ್ಲ. ಮಗಳಿಗೆ ಎಂಟು ವರ್ಷ, ಖಾರ ತಿನ್ನಲ್ಲ. ಮೆನುವಿನಲ್ಲಿ ಚೆಲೋ, ಪೋಲೋ, ಖೊರೇಶ್, ಕೂಬಿದೆ ಅಂತೆಲ್ಲ ಇದೆ. ಯಾವುದು ಏನು, ಎಷ್ಟು ತರಿಸಬೇಕು? ಇನ್ನೊಂದು ಪ್ರಶ್ನೆ: ಸೋನಾ ಮಸೂರಿಯಲ್ಲಿ ಸ್ಟೀಲ್ ಪಾತ್ರೆ ಇಟ್ಟು ತಳದ ಗರಿಗರಿ ಅನ್ನ, ಅಂದರೆ ತಾಹ್‌ದಿಗ್ ಮಾಡಿದರೆ ತಳ ಕಪ್ಪಾಗುತ್ತೆ, ಮೇಲಿನ ಅನ್ನ ಮುದ್ದೆಯಾಗುತ್ತೆ. ತಪ್ಪು ಎಲ್ಲಿ?

ಒಂಟಿಕೊಪ್ಪಲ್ ಅಡುಗೆ:
ಖಾರದ ಚಿಂತೆ ಬಿಡಿ. ಈ ಅಡುಗೆಯಲ್ಲಿ ಮೆಣಸಿನಕಾಯಿಗೆ ಹೆಚ್ಚು ಜಾಗವೇ ಇಲ್ಲ. ಹುಳಿ, ಸೊಪ್ಪು, ಕೇಸರಿ, ಇವೇ ಮುಖ್ಯ. ಬಿರಿಯಾನಿಯ ಮಸಾಲೆ ನಿರೀಕ್ಷಿಸಿ ಕೂತರೆ ಸಪ್ಪೆ ಅನ್ನಿಸುತ್ತೆ. ಸಾರಿನ ಹುಳಿ ಗೊತ್ತಿರುವ ನಾಲಗೆಗೆ ಬೇಗ ಹಿಡಿಸುತ್ತೆ.

ಚೆಲೋ ಅಂದರೆ ಉದುರುದುರಾದ ಬಿಳಿ ಅನ್ನ. ಪೋಲೋ ಅಂದರೆ ಬೇಳೆ, ಸೊಪ್ಪು, ಹಣ್ಣು ಏನಾದರೂ ಕಲೆಸಿ ಹಬೆಯಲ್ಲಿ ಬೇಯಿಸಿದ್ದು. ನಮ್ಮ ಪುಲಾವ್ ಇದರ ನೆಂಟ. ಖೊರೇಶ್ ಅಂದರೆ ಅನ್ನಕ್ಕೆ ಹಾಕಿಕೊಳ್ಳುವ ಗಟ್ಟಿ ಗೊಜ್ಜಿನಂಥದ್ದು. ಕೂಬಿದೆ ಕೈಮಾ ಕಬಾಬು, ಬರ್ಗ್ ತೆಳ್ಳಗೆ ಬಡಿದ ಮಾಂಸ, ಜೂಜೆ ಕೇಸರಿ ನಿಂಬೆರಸದಲ್ಲಿ ನೆನೆಸಿದ ಕೋಳಿ. ಮಗಳಿಗೆ ಜೂಜೆ ಸಾಕು.

ಮಾಂಸ ತಿನ್ನುವ ನಾಲ್ವರಿಗೆ ಒಂದು ಜೂಜೆ, ಒಂದು ಕೂಬಿದೆ, ಒಂದು ಖೊರೇಶ್ ಧಾರಾಳ. ಕಬಾಬಿನ ತಟ್ಟೆಯ ಜೊತೆ ಸಾಮಾನ್ಯವಾಗಿ ಅನ್ನದ ರಾಶಿಯೇ ಬರುತ್ತೆ, ಅನ್ನವನ್ನು ಬೇರೆ ತರಿಸಬೇಡಿ. ಖೊರೇಶಿನಲ್ಲಿ ಮೊದಲ ಸಲಕ್ಕೆ ಘೊರ್ಮೆ ಸಬ್ಜಿ (ಸೊಪ್ಪು, ರಾಜ್ಮಾ, ಒಣ ನಿಂಬೆ, ಮಾಂಸ) ತಗೊಳ್ಳಿ. ಫೆಸೆಂಜಾನ್ ಅಕ್ರೋಟು ಮತ್ತು ದಾಳಿಂಬೆ ಪಾಕದ್ದು, ಸಿಹಿಹುಳಿ, ತುಂಬಾ ಗಟ್ಟಿ. ಒಬ್ಬರೇ ಪೂರ್ತಿ ತಿನ್ನೋದು ಕಷ್ಟ.

ತಿನ್ನುವ ರೀತಿ: ಬಿಸಿ ಅನ್ನದ ಮೇಲಿನ ಬೆಣ್ಣೆಯನ್ನು ಮೊದಲು ಕಲೆಸಿ. ಸುಟ್ಟ ಟೊಮೆಟೊವನ್ನು ಅನ್ನಕ್ಕೇ ಹಿಸುಕಿ. ಕೆಂಪು ಪುಡಿ ಸುಮಾಕ್, ಅದು ಖಾರವಲ್ಲ, ಹುಳಿ. ಕಬಾಬಿನ ಮೇಲೆ ಧಾರಾಳವಾಗಿ ಉದುರಿಸಿ. ಕುಡಿಯೋಕೆ ದೂಗ್, ಅಂದರೆ ಒಣ ಪುದೀನ ಹಾಕಿದ ಉಪ್ಪು ಮಜ್ಜಿಗೆ. ಕೆಲವು ಕಡೆ ಸೋಡಾದ ಹಾಗೆ ಗ್ಯಾಸ್ ಇರುತ್ತೆ.

ಸರಸ್ವತಿಪುರಂ:
ಅಪ್ಪ ಅಮ್ಮನ ವಿಷಯಕ್ಕೆ ಸ್ವಲ್ಪ ಹುಷಾರು. ಹೆಸರು ಕೇಳಿ ಸಸ್ಯಾಹಾರ ಅಂದುಕೊಳ್ಳುವ ಹಾಗಿಲ್ಲ. "ಸಬ್ಜಿ" ಅಂದರೆ ಅಲ್ಲಿ ಸೊಪ್ಪು, ಆದರೆ ಘೊರ್ಮೆ ಸಬ್ಜಿಯಲ್ಲಿ ಮಾಂಸ ಇದ್ದೇ ಇರುತ್ತೆ. ಗೇಮೆ ಅನ್ನುವ ಖೊರೇಶಿನಲ್ಲಿ ಬೇಳೆ ಕಾಣುತ್ತೆ, ಅದರಲ್ಲೂ ಮಾಂಸ. ಮಿರ್ಜಾ ಘಾಸೆಮಿ ಇರಾನಿನ ಗಿಲಾನ್ ಪ್ರಾಂತ್ಯದ ಕಡೆಯ ಸುಟ್ಟ ಬದನೆಕಾಯಿ, ಬೆಳ್ಳುಳ್ಳಿಯ ಪದಾರ್ಥ. ಬಾಯಿಗೆ ಬಲು ರುಚಿ, ಆದರೆ ಮೊಟ್ಟೆ ಒಡೆದು ಹಾಕಿರ್ತಾರೆ. ಆಶ್ ರೆಶ್ತೆ (ಶ್ಯಾವಿಗೆ, ಕಾಳು, ಸೊಪ್ಪಿನ ಗಟ್ಟಿ ಸೂಪು) ಮಾಂಸವಿಲ್ಲದೆಯೇ ಮಾಡಬಹುದು, ಆದರೂ ಮಾಂಸ ಬೇಯಿಸಿದ ನೀರು ಹಾಕಿದ್ದಾರಾ ಅಂತ ಕೇಳಿಯೇ ತರಿಸಿ. ತಾಹ್‌ದಿಗ್‌ಗೂ ಕೆಲವರು ಮೊಟ್ಟೆಯ ಹಳದಿ ಸೇರಿಸ್ತಾರೆ.

ಅವರಿಗೆ ಹೊಂದುವುದು ಕಶ್ಕೆ ಬಾದೆಂಜಾನ್ (ಬದನೆಕಾಯಿ, ಕಶ್ಕ್ ಅನ್ನುವ ಹುಳಿ ಹಾಲಿನ ಪದಾರ್ಥ, ಹುರಿದ ಪುದೀನ), ಮಾಸ್ತ್ ಓ ಖಿಯಾರ್ (ಸೌತೆಕಾಯಿ ಮೊಸರುಬಜ್ಜಿ ಅಂದುಕೊಳ್ಳಿ), ನಾನ್, ಅದಸ್ ಪೋಲೋ. ಕೊನೆಯದು ಮಸೂರ್ ಕಾಳು, ಒಣದ್ರಾಕ್ಷಿಯ ಅನ್ನ. ಮಾಂಸ ಇಲ್ಲದ್ದು ಅಂತ ಹೇಳಿ ತರಿಸಿ. ಕಾಯ್ದಿರಿಸಲು ಫೋನ್ ಮಾಡುವಾಗಲೇ ಇದನ್ನೆಲ್ಲ ಕೇಳಿ, ಮೇಜಿನ ಹತ್ತಿರ ಗದ್ದಲದಲ್ಲಿ ಸರಿಯಾದ ಉತ್ತರ ಸಿಗಲ್ಲ. ಮೆನುವಿನಲ್ಲಿ ಹಮ್ಮಸ್, ಶವರ್ಮಾ, ಮಂದಿ ಅನ್ನುವ ಮಾಂಸದ ಅನ್ನ ಇದ್ದರೆ ಅವು ಅರಬ್ ಕಡೆಯವು. ಇರಾನಿ ರುಚಿ ನೋಡಲು ಹೋದವರು ಅದರಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಡಿ.

ತಳದ ಅನ್ನ:
ತಾಹ್‌ದಿಗ್ ಅಂದರೆ "ಪಾತ್ರೆಯ ತಳ". ಸೀದ ಅನ್ನವಲ್ಲ, ಹೊಂಬಣ್ಣಕ್ಕೆ ಗರಿಗರಿಯಾಗಬೇಕು. ನಿಮ್ಮದರಲ್ಲಿ ಮೂರು ತಪ್ಪು: ಸೋನಾ ಮಸೂರಿ ಬೇಗ ಬೆಂದು ಅಂಟುತ್ತೆ, ತೆಳು ಸ್ಟೀಲ್ ಒಂದೇ ಕಡೆ ಕಾಯುತ್ತೆ, ಉರಿ ಜಾಸ್ತಿ.

ಹಳೆಯ ಬಾಸುಮತಿ 2 ಲೋಟ ತಗೊಳ್ಳಿ. ನೀರು ತಿಳಿಯಾಗುವವರೆಗೆ ತೊಳೆದು, 2 ಚಮಚ ಉಪ್ಪು ಹಾಕಿದ ನೀರಲ್ಲಿ ಒಂದು ಗಂಟೆ ನೆನೆಸಿ. ಎರಡೂವರೆ ಲೀಟರ್ ನೀರು ಕುದಿಸಿ ಮತ್ತೆ ಉಪ್ಪು ಹಾಕಿ, ಅಕ್ಕಿಯನ್ನು 6 ನಿಮಿಷ ಬೇಯಿಸಿ. ಅಗುಳು ಹಿಸುಕಿದರೆ ಹೊರಗೆ ಮೆತ್ತಗೆ, ನಡುವೆ ಒಂದು ಬಿಳಿ ಗಟ್ಟಿ ಚುಕ್ಕೆ ಇರಬೇಕು. ಆ ಚುಕ್ಕೆ ಹೋದಮೇಲೆ ಬಸಿದರೆ ಮುದ್ದೆ ಗ್ಯಾರಂಟಿ. ಬಸಿದು ತಣ್ಣೀರು ಚಿಮುಕಿಸಿ.

ದಪ್ಪ ತಳದ ನಾನ್‌ಸ್ಟಿಕ್ ಪಾತ್ರೆಗೆ 3 ದೊಡ್ಡ ಚಮಚ ಎಣ್ಣೆ, 1 ಚಮಚ ತುಪ್ಪ. ಒಂದೂವರೆ ಲೋಟ ಬಸಿದ ಅನ್ನಕ್ಕೆ 3 ಚಮಚ ಗಟ್ಟಿ ಮೊಸರು, ಕೇಸರಿ ನೀರು ಕಲೆಸಿ ತಳಕ್ಕೆ ಹರಡಿ. ಉಳಿದದ್ದನ್ನು ಅದರ ಮೇಲೆ ಒತ್ತದೆ ಗೋಪುರದ ಹಾಗೆ ಸುರಿದು, ಸೌಟಿನ ಹಿಡಿಯಿಂದ ಐದಾರು ತೂತು ಮಾಡಿ. ಮಧ್ಯಮ ಉರಿಯಲ್ಲಿ 7-8 ನಿಮಿಷ, ಹಬೆ ಕಂಡಮೇಲೆ ಮುಚ್ಚಳಕ್ಕೆ ಬಟ್ಟೆ ಸುತ್ತಿ ಮುಚ್ಚಿ, ಕೆಳಗೆ ದೋಸೆ ಹೆಂಚು ಇಟ್ಟು ಸಣ್ಣ ಉರಿಯಲ್ಲಿ 40 ನಿಮಿಷ. ಬಟ್ಟೆ ಬಿಟ್ಟರೆ ಮುಚ್ಚಳದ ಬೆವರು ಅನ್ನಕ್ಕೇ ಬೀಳುತ್ತೆ. ಇಳಿಸಿದ ತಕ್ಷಣ ಪಾತ್ರೆಯ ತಳವನ್ನು ಒದ್ದೆ ಬಟ್ಟೆಯ ಮೇಲೆ ಎರಡು ನಿಮಿಷ ಇಟ್ಟು ಕವಿಚಿ, ಬಿಟ್ಟುಕೊಳ್ಳುತ್ತೆ.

ಸ್ಟೀಲೇ ಗತಿ ಅನ್ನುವುದಾದರೆ ತಳಕ್ಕೆ ಆಲೂಗಡ್ಡೆ ಬಿಲ್ಲೆ ಜೋಡಿಸಿ. ಕೇಸರಿಯನ್ನು ಎಸಳಾಗಿಯೇ ಹಾಕಬೇಡಿ: ಚಿಟಿಕೆ ಸಕ್ಕರೆಯ ಜೊತೆ ಕುಟ್ಟಿ, 3 ಚಮಚ ಬಿಸಿನೀರಲ್ಲಿ ಕಾಲು ಗಂಟೆ ಮುಚ್ಚಿಡಿ.

ಮಂಡ್ಯದವರು:
ಕೂಬಿದೆ ಇಷ್ಟವಾಗಿ ಮನೇಲಿ ಮಾಡೋರಿಗೆ ಒಂದು ಮಾತು. ಸೀಖಿನಿಂದ ಜಾರಿ ಬೀಳೋಕೆ ಕಾರಣ ಈರುಳ್ಳಿ ನೀರು. ಅರ್ಧ ಕೆಜಿ ಕೈಮಾಗೆ ಒಂದು ಈರುಳ್ಳಿ ತುರಿದು, ಬಟ್ಟೇಲಿ ಕಟ್ಟಿ ಪೂರ್ತಿ ಹಿಂಡಿ. ಮಾಂಸದಲ್ಲಿ ಕಾಲು ಭಾಗ ಕೊಬ್ಬು ಬೇಕು. ಬನ್ನೂರು ಕುರಿ ಸಿಕ್ಕಿದರೆ ಬೇರೆ ಯೋಚನೆ ಬೇಡ. ಎರಡು ಸಲ ಮೆಷಿನ್ನಿಗೆ ಹಾಕಿಸಿ, ಉಪ್ಪು ಕಾಳುಮೆಣಸು ಹಾಕಿ ಕೈಗೆ ಅಂಟುವವರೆಗೆ ಹತ್ತು ನಿಮಿಷ ನಾದಿ, ಫ್ರಿಜ್‌ನಲ್ಲಿ ಒಂದು ಗಂಟೆ. ಅಗಲ ಚಪ್ಪಟೆ ಸೀಖೇ ಬೇಕು, ದುಂಡು ಕಡ್ಡಿ ಮೇಲೆ ಮಾಂಸ ಗಿರಗಿರ ತಿರುಗುತ್ತೆ. ಕೆಂಡದ ಮೇಲೆ ಮೊದಲ ನಿಮಿಷ ಬೇಗಬೇಗ ತಿರುಗಿಸ್ತಾ ಇದ್ದರೆ ಎರಡೂ ಕಡೆ ಬಿಗಿಯಾಗಿ ಹಿಡಕೊಳ್ಳುತ್ತೆ.

ಕುವೆಂಪುನಗರದಿಂದ:
ಎಲ್ಲರಿಗೂ ಧನ್ಯವಾದ. ಫೋನ್ ಮಾಡಿ ಕೇಳ್ತೀನಿ. ಘೊರ್ಮೆ ಸಬ್ಜಿಯನ್ನು ಅಮ್ಮನಿಗೋಸ್ಕರ ಮಾಂಸವಿಲ್ಲದೆ ಮನೆಯಲ್ಲಿ ಮಾಡಬಹುದಾ?

ಸರಸ್ವತಿಪುರಂ:
ಖಂಡಿತ. ಕೊತ್ತಂಬರಿ, ಪಾರ್ಸ್ಲಿ, ಈರುಳ್ಳಿ ಸೊಪ್ಪು ಸಮಸಮ, ಸಣ್ಣಗೆ ಹೆಚ್ಚಿ. ಒಣ ಮೆಂತ್ಯ ಸೊಪ್ಪು ಒಂದೇ ಚಮಚ, ಜಾಸ್ತಿಯಾದರೆ ಕಹಿ. ಎಣ್ಣೆಯಲ್ಲಿ 15-20 ನಿಮಿಷ ಕಡುಹಸಿರಾಗುವವರೆಗೆ ಹುರಿಯಿರಿ. ಇಲ್ಲಿ ಆತುರಪಟ್ಟರೆ ಸೊಪ್ಪಿನ ಸಾರು ಆಗುತ್ತೆ, ಘೊರ್ಮೆ ಆಗಲ್ಲ. ಬೇಯಿಸಿದ ರಾಜ್ಮಾ ಹಾಕಿ, ಒಣ ನಿಂಬೆಗೆ ಫೋರ್ಕಿನಿಂದ ಚುಚ್ಚಿ ಕೊನೆಯ ಮುಕ್ಕಾಲು ಗಂಟೆಗೆ ಸೇರಿಸಿ. ಒಡೆದು ಹಾಕಬೇಡಿ, ಬೀಜದ ಕಹಿ ಬಿಡುತ್ತೆ. ಒಣ ನಿಂಬೆ ಸಿಗದಿದ್ದರೆ ಇಳಿಸಿದ ಮೇಲೆ ನಿಂಬೆರಸ ಹಿಂಡಿ, ಹುಳಿ ಬರುತ್ತೆ, ಆ ಘಮ ಮಾತ್ರ ಬರಲ್ಲ.