ವಿಷಯ: ಡಿ-ಡೈಮರ್ ಕರಪತ್ರ: 'ರೂಲ್ ಔಟ್'ಗೆ ಏನು ಬಳಸೋಣ? (ತುರ್ತು)

ಎಲ್ಲರಿಗೂ ನಮಸ್ಕಾರ. ರೋಗಿಗಳಿಗೆ ಕೊಡುವ ಕರಪತ್ರವೊಂದು ನಾಳೆ ಅಚ್ಚಿಗೆ ಹೋಗಬೇಕು. ಕಾಲಿನ ಆಳದ ಅಭಿಧಮನಿಯಲ್ಲಿ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ) ರಕ್ತ ಹೆಪ್ಪುಗಟ್ಟಿರಬಹುದೆಂಬ ಅನುಮಾನ ಬಂದಾಗ ಮಾಡುವ ಡಿ-ಡೈಮರ್ ರಕ್ತಪರೀಕ್ಷೆಯ ಬಗ್ಗೆ. ಕಾಯಿಲೆಯನ್ನು 'ರೂಲ್ ಔಟ್' ಮಾಡಲು, ಅಂದರೆ ಅದು ಇಲ್ಲವೆಂದು ತೀರ್ಮಾನಿಸಲು, ಇದು ನೆರವಾಗುತ್ತದೆ ಅನ್ನುವಲ್ಲಿ ಸಿಕ್ಕಿಬಿದ್ದಿದ್ದೇನೆ. ಕರಡು ನೋಡಿದವರು 'ನಿವಾರಿಸಲು' ಎಂದು ತಿದ್ದಿದ್ದಾರೆ. ಓದಿದವರು ಇದನ್ನೇ ಔಷಧಿ ಅಂದುಕೊಂಡಾರು!
— ಸು.

> 'ನಿವಾರಿಸಲು' ಎಂದು ತಿದ್ದಿದ್ದಾರೆ

ತಿದ್ದಿದವರಿಗೆ ನಮಸ್ಕಾರ. 'ಅಲ್ಲಗಳೆ' ಇರುವಾಗ ಹುಡುಕಾಟವೇಕೆ? ಅಲ್ಲ + ಕಳೆ, ಆದೇಶಸಂಧಿ, 'ಹೀಗಳೆ'ಯ ಒಡಹುಟ್ಟು. ಹಾಗೆಯೇ ಆ 'ಅಭಿಧಮನಿ'ಯನ್ನೂ ಕಿತ್ತುಹಾಕಿ. ಅಪಧಮನಿ ಯಾವುದು, ಅಭಿಧಮನಿ ಯಾವುದು ಎಂದು ಪಾಠ ಮಾಡಿದ ಮೇಷ್ಟ್ರಿಗೇ ಗೊಂದಲ.
— ಕೇ.

ಕೇ. ಅವರೇ, ಅಲ್ಲಗಳೆಯುವುದು ಆರೋಪಿ, ಮಂತ್ರಿ. ಪರೀಕ್ಷೆಗೆ ಬಾಯಿಲ್ಲ. ಸಂಧಿ ಸರಿಯಿದ್ದರೆ ಅರ್ಥವೂ ಸರಿಯಾಗಿಬಿಡುವುದಿಲ್ಲ. 'ಅಲ್ಲ' ಬೇರೆ, 'ಇಲ್ಲ' ಬೇರೆ. ಇಲ್ಲಿ ಬೇಕಿರುವುದು 'ಇಲ್ಲ'.

ಹೆಪ್ಪಿನೊಳಗಿನ ಫೈಬ್ರಿನ್ ಎಂಬ ಪ್ರೋಟೀನ್ ಎಳೆಗಳ ಬಲೆಯನ್ನು ದೇಹ ಕರಗಿಸುವಾಗ ಉದುರುವ ಚೂರೇ ಡಿ-ಡೈಮರ್. ವೈದ್ಯರು ನೋಡಿದಾಗಲೇ ಅನುಮಾನ ಕಡಿಮೆಯಿದ್ದು, ಈ ಚೂರೂ ಮಿತಿಯೊಳಗಿದ್ದರೆ, ಹೆಪ್ಪು ಇಲ್ಲವೆಂದು ಸ್ಕ್ಯಾನ್ ಇಲ್ಲದೆಯೇ ನಂಬಬಹುದು. ಹೆಚ್ಚಿದ್ದರೆ? ಏನೂ ಖಚಿತವಾಗದು. ಬಸುರಿಯರಲ್ಲಿ, ಶಸ್ತ್ರಚಿಕಿತ್ಸೆ ಆದವರಲ್ಲಿ, ಸೋಂಕಿನಲ್ಲಿ, ಕ್ಯಾನ್ಸರಿನಲ್ಲಿ ಅದು ಏರುತ್ತದೆ. ವಯಸ್ಸಾದಂತೆಯೂ ಏರುತ್ತದೆ: ಸಾಮಾನ್ಯ ಮಿತಿ 500 ಇರುವ ಏಕಮಾನದಲ್ಲಿ, 50 ದಾಟಿದವರಿಗೆ ವಯಸ್ಸನ್ನು 10ರಿಂದ ಗುಣಿಸಿದ ಮಿತಿ ಹಿಡಿಯುವುದುಂಟು, 70 ವರ್ಷದವರಿಗೆ 700. ಇನ್ನು ಅನುಮಾನವೇ ಬಲವಾಗಿದ್ದರೆ ಈ ಪರೀಕ್ಷೆಯನ್ನು ನೆಚ್ಚುವಂತಿಲ್ಲ, ನೇರ ಅಲ್ಟ್ರಾಸೌಂಡ್. ಈ ಒಮ್ಮುಖತನ ಬಾರದ ಕ್ರಿಯಾಪದ ಯಾವುದಾದರೂ ದಂಡವೇ.
— ವೈ.

ಪತ್ರಿಕೆಯಲ್ಲಿ ದಿನವೂ ಬರೆಯುತ್ತೇವೆ: 'ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ'. ತಳ್ಳಿಹಾಕು. ಮುಗಿಯಿತು.
— ರಾ.

ಮುಗಿಯಲಿಲ್ಲ. ಅರ್ಜಿಯನ್ನು ತಳ್ಳಿಹಾಕುತ್ತಾರೆ, ದೂರನ್ನು ತಳ್ಳಿಹಾಕುತ್ತಾರೆ. 'ನಿಮ್ಮ ಕಾಯಿಲೆಯನ್ನು ತಳ್ಳಿಹಾಕಲಾಗಿದೆ' ಎಂದು ಓದಿದ ರೋಗಿ ಡಾಕ್ಟರು ತನ್ನ ಮಾತೇ ನಂಬಲಿಲ್ಲ ಅಂದುಕೊಳ್ಳುತ್ತಾನೆ. 'ಸಾಧ್ಯತೆ' ಜೊತೆಗಿದ್ದರೆ ಮಾತ್ರ ನಡೆದೀತು.
— ವೈ.

ಹೆಪ್ಪುಗಟ್ಟುವುದು ಹಾಲು. ನೆತ್ತರಿಗೆ 'ಗರಣೆ' ಇದೆ. ನೆತ್ತರನ್ನು ಓಡಿಸಿ ರಕ್ತವನ್ನು ಕೂರಿಸಿದ್ದು ಯಾರು ಎಂಬ ಪ್ರಶ್ನೆಯೂ ಇದೆ.
— ಕೇ.

ಕೂರಿಸಿದ್ದು ಯಾರೋ, ಈಗ 'ನೆತ್ತರು ಪರೀಕ್ಷೆ' ಎಂದರೆ ಕೊಲೆ ನಡೆದ ಜಾಗ ನೆನಪಾಗುತ್ತದೆ. ರೋಗಿ ಕೇಳುವುದು ಬ್ಲಡ್ ಟೆಸ್ಟ್. ಎರವಲು ಬೇಡವೆನ್ನುವವರು ಮೊದಲು ಅವನನ್ನು ಒಪ್ಪಿಸಿ.
— ರಾ.

ವೈ. ಅವರಿಗೆ ಕೃತಜ್ಞತೆ. ಒಂಟಿ ಪದದ ಆಸೆ ಬಿಟ್ಟೆ. ಅಚ್ಚಿಗೆ ಹೋಗುತ್ತಿರುವುದು: 'ಅನುಮಾನ ಕಡಿಮೆ ಇರುವವರಲ್ಲಿ ಹೆಪ್ಪು ಇಲ್ಲವೆಂದು ತಿಳಿಯಲು ಈ ರಕ್ತಪರೀಕ್ಷೆ ನೆರವಾಗುತ್ತದೆ. ಫಲಿತಾಂಶ ಹೆಚ್ಚು ಬಂದರೆ ಹೆಪ್ಪು ಇದೆ ಎಂದಲ್ಲ. ಅಲ್ಟ್ರಾಸೌಂಡ್ ಮಾಡಿ ನೋಡಬೇಕಾಗುತ್ತದೆ.'
— ಸು.

'ಫಲಿತಾಂಶ', 'ಪರೀಕ್ಷೆ', 'ಅನುಮಾನ'. ಮೂರೂ ಸಂಸ್ಕೃತ. ಅಚ್ಚಾಗಲಿ, ಆಮೇಲೆ ಮಾತಾಡೋಣ.
— ಕೇ.