ಪ್ರಶ್ನೋತ್ತರ: ಕಾರಿನ ಒಳಭಾಗ ಮಾಡುವವರಿಗೆ – ಲಾಭ, ವಾಸನೆ ಮತ್ತು ಬಿರುಕು ಬಿಟ್ಟ ಒಂದು ಕವರ್

ಅಡ್ಮಿನ್: ಈ ವಾರ ಪ್ಲಾಸ್ಟಿಕ್ ಇಂಜಿನಿಯರ್ ಒಬ್ಬರು ಉತ್ತರ ಕೊಡುತ್ತಾರೆ. ಡ್ಯಾಶ್‌ಬೋರ್ಡ್, ಡೋರ್ ಟ್ರಿಮ್, ಕನ್ಸೋಲ್ ಕೆಲಸದಲ್ಲಿ ಪಳಗಿದವರು. ಒಬ್ಬರಿಗೆ ಒಂದೇ ಪ್ರಶ್ನೆ. ಮೇಲಿರುವುದನ್ನು ಓದಿ ಆಮೇಲೆ ಕೇಳಿ.

ಲೆಕ್ಕದ ಮೇಜು: ಸರ್, ಮಾರಾಟ ಎರಡು ವರ್ಷದಿಂದ ಏರುತ್ತಲೇ ಇದೆ, ಲಾಭ ಮಾತ್ರ ಇಳಿಯುತ್ತಿದೆ. ಎಲ್ಲಿ ಸೋರುತ್ತಿದೆ ಅಂತ ಹೇಗೆ ಹುಡುಕಲಿ?

ಇಂಜಿನಿಯರ್: ಇಡೀ ಕಂಪನಿಯ ಲೆಕ್ಕ ನೋಡಿದರೆ ಏನೂ ಕಾಣುವುದಿಲ್ಲ, ಒಂದೊಂದು ಭಾಗದ ಲೆಕ್ಕ ಬೇರೆ ಬೇರೆ ತೆಗೆಯಿರಿ. ಗ್ರಾಹಕರಾದ ಕಾರು ಕಂಪನಿಗೆ ವರ್ಷಕ್ಕೆ 3% ಬೆಲೆ ಕಡಿತ ಕೊಡಲು ಸಹಿ ಹಾಕಿದ್ದರೆ, 100ಕ್ಕೆ ಶುರುವಾದ ಭಾಗ ಐದು ಕಡಿತದ ನಂತರ ಸುಮಾರು 86ಕ್ಕೆ ಇಳಿದಿರುತ್ತದೆ. ಅಷ್ಟರಲ್ಲಿ ಕಚ್ಚಾ ಪ್ಲಾಸ್ಟಿಕ್ ಕಾಳಿನ ಬೆಲೆ ಏರಿದರೆ, ಏರಿದ್ದನ್ನು ಗ್ರಾಹಕ ತುಂಬಿಕೊಡುವ ಷರತ್ತು ಒಪ್ಪಂದದಲ್ಲಿ ಇದೆಯಾ ನೋಡಿ. ಇದ್ದರೂ ಮೂರು ತಿಂಗಳು ತಡವಾಗಿ ಬರುತ್ತದೆಯಾ? ಆ ಮೂರು ತಿಂಗಳ ಹೊರೆ ನಿಮ್ಮದೇ. ಅಚ್ಚಿನ ಹಣವನ್ನು ಭಾಗದ ಬೆಲೆಯೊಳಗೆ ಸೇರಿಸಿದ್ದರೆ ಇನ್ನೂ ಕಷ್ಟ. ಹೇಳಿದಷ್ಟು ಕಾರು ಮಾರಾಟ ಆಗದಿದ್ದರೆ ಅಚ್ಚಿನ ದುಡ್ಡು ವಾಪಸ್ ಬರುವುದಿಲ್ಲ.

ಹೊಸ ಸದಸ್ಯ: ಡೋರ್ ಪ್ಯಾನಲ್‌ನಲ್ಲಿ ವಾಸನೆ ಅಂತ ಗ್ರಾಹಕರು ವಾಪಸ್ ಕಳಿಸಿದ್ದಾರೆ. ಏನು ಮಾಡುವುದು?

ಇಂಜಿನಿಯರ್: ವಿಡಿಎ 270 ಪ್ರಕಾರ, ಅಂದರೆ ಜರ್ಮನ್ ಕಾರು ಉದ್ಯಮದ ವಾಸನೆ ಪರೀಕ್ಷೆಯಂತೆ, ಮೂಸಿ ನೋಡಿಸಿ. 1ರಿಂದ 6ರವರೆಗೆ ಅಂಕ, 6 ಅಂದರೆ ತಡೆಯಲಾಗದ ವಾಸನೆ. ಕಾಳು, ಬಣ್ಣ, ಅಂಟು, ಬಟ್ಟೆ ನಾಲ್ಕನ್ನೂ ಬೇರೆ ಬೇರೆಯಾಗಿ ಮೂಸಿಸಿ. ಹೆಚ್ಚಿನ ಸಲ ಸಿಕ್ಕಿಬೀಳುವುದು ಅಂಟು, ಇಲ್ಲವೇ ಯಂತ್ರದ ಕರಗಿಸುವ ಬ್ಯಾರಲ್‌ನಲ್ಲಿ ಜಾಸ್ತಿ ಹೊತ್ತು ಬೆಂದ ಕಾಳು.

ಶಿಫ್ಟ್ ಎರಡು: ಎಬಿಎಸ್ ಪ್ಲಾಸ್ಟಿಕ್ ಭಾಗದ ಮೇಲೆ ಬೆಳ್ಳಿ ಗೆರೆ ಬರುತ್ತಿದೆ.

ಇಂಜಿನಿಯರ್: ಕಾಳಿನ ತೇವ. ಕಾಳನ್ನು 80 ಡಿಗ್ರಿಯಲ್ಲಿ 2ರಿಂದ 4 ಗಂಟೆ ಒಣಗಿಸಿ.

ಸಣ್ಣ ಘಟಕ: ಸರ್, ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ. ನಾವು ಡ್ಯಾಶ್‌ಬೋರ್ಡಿನ ಮೇಲ್ಭಾಗದ ಕವರ್ ಮಾಡುತ್ತೇವೆ. ಪ್ರಯಾಣಿಕರ ಕಡೆಯ ಏರ್‌ಬ್ಯಾಗ್ ಬಾಗಿಲು ಅದರಲ್ಲೇ ಇದೆ, ಹೊರಗೆ ಗೆರೆ ಕಾಣುವುದಿಲ್ಲ. ಬೆಲೆ ಕಡಿತ ತಡೆಯಲಾಗದೆ ಎರಡು ತಿಂಗಳ ಹಿಂದೆ ಕಾಳು ಬದಲಿಸಿದೆವು. ಎಂಎಫ್‌ಐ ಒಂದೇ, ಹಳೆಯದಕ್ಕೆ ಸರಿಸಮ ಅಂತ ವ್ಯಾಪಾರಿ ಹೇಳಿದರು. ಜೊತೆಗೆ 15% ಪುಡಿ ಮಾಡಿದ ಹಳೇ ಮಾಲು ಸೇರಿಸಿದೆವು. ನೋಡಲು ಒಂದೇ ತರಹ ಇದೆ. ಹೋದ ವಾರ ತಣ್ಣನೆ ಗೋದಾಮಿನಲ್ಲಿ ಒಂದು ಕವರ್ ಕೈಜಾರಿ ಬಿದ್ದು, ಬಾಗಿಲಿನ ಗೆರೆಯ ಹತ್ತಿರ ಬಿರುಕು ಬಿಟ್ಟಿತು. ಗ್ರಾಹಕರಿಗೆ ಹೇಳಿಲ್ಲ. ಏನು ಮಾಡಲಿ?

ಇಂಜಿನಿಯರ್: ಮೊದಲು ಲಾರಿ ನಿಲ್ಲಿಸಿ. ಉಳಿದದ್ದು ಆಮೇಲೆ ಓದಿ.

ಈಗ ವಿವರ ಹೇಳುತ್ತೇನೆ. ಎಂಎಫ್‌ಐ ಅಂದರೆ ಕರಗಿದ ಪ್ಲಾಸ್ಟಿಕ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ, ಅಷ್ಟೇ. ಇಂಥ ಕವರ್‌ಗೆ ಬಳಸುವ ಪ್ಲಾಸ್ಟಿಕ್ ಪಾಲಿಪ್ರೊಪಿಲೀನ್‌ಗೆ ಅದನ್ನು 230 ಡಿಗ್ರಿಯಲ್ಲಿ ಅಳೆಯುತ್ತಾರೆ. ಚಳಿಯಲ್ಲಿ ಪೆಟ್ಟು ಬಿದ್ದಾಗ ಬಾಗುತ್ತದೆಯೋ ಚೂರಾಗುತ್ತದೆಯೋ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಸಾದಾ ಪಾಲಿಪ್ರೊಪಿಲೀನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಬಿರುಸಾಗುತ್ತದೆ, ಅಂದರೆ ಬಾಗದೆ ಒಡೆಯುತ್ತದೆ. ಏರ್‌ಬ್ಯಾಗ್ ಜಾಗಕ್ಕೆ ರಬ್ಬರ್ ಬೆರೆಸಿದ ಕಾಳು ಹಾಕುವುದು ಅದಕ್ಕೇ. ವ್ಯಾಪಾರಿ ಕೊಟ್ಟದ್ದರಲ್ಲಿ ರಬ್ಬರ್ ಕಮ್ಮಿ ಇದ್ದು ಟಾಲ್ಕ್ ಅನ್ನುವ ಕಲ್ಲಿನ ಪುಡಿ ಜಾಸ್ತಿ ಇದ್ದರೂ ಎಂಎಫ್‌ಐ ಒಂದೇ ತೋರಿಸಬಹುದು. ಪುಡಿ ಮಾಡಿದ ಮಾಲಿನಲ್ಲಿ ಪ್ಲಾಸ್ಟಿಕ್ ಅಣುಗಳ ಉದ್ದ ಎಳೆಗಳು ಒಂದು ಸಲ ಬೆಂದು ತುಂಡಾಗಿರುತ್ತವೆ. ಅದೂ ಬಿರುಸುತನ ಹೆಚ್ಚಿಸುತ್ತದೆ.

ಆ ಬಾಗಿಲಿನ ಗೆರೆಯನ್ನು ಒಳಗಿನಿಂದ ಲೇಸರ್‌ನಲ್ಲಿ ಕೊರೆದಿರುತ್ತಾರೆ, ಉಳಿಯುವುದು ತೆಳು ಪದರ. ಚೀಲ ಉಬ್ಬುವುದು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದ ಒಳಗೆ. ಬಾಗಿಲು ಆ ಗೆರೆಯಲ್ಲೇ ಹರಿಯಬೇಕು, ಕೀಲಿನ ಮೇಲೆ ತೆರೆಯಬೇಕು, ಒಂದು ಚೂರೂ ಹಾರಬಾರದು. ಇದನ್ನು ಮೈನಸ್ 35, 23 ಮತ್ತು 85 ಡಿಗ್ರಿಯಲ್ಲಿ ಸಿಡಿಸಿ ನೋಡುವುದು ಅದಕ್ಕಾಗಿಯೇ.

ನಾನು ಇಂಥ ಒಂದು ಸಿಡಿತ ನೋಡಿದ್ದೇನೆ. ತಣ್ಣಗಿನ ಪರೀಕ್ಷೆ, ಕಾಳು ಬೇರೆ. ವೇಗದ ಕ್ಯಾಮೆರಾದ ಚಿತ್ರದಲ್ಲಿ ಹೆಬ್ಬೆರಳ ಉಗುರಿನಷ್ಟು ಚೂರು ಹೊರಟು ಹೆಡ್‌ರೆಸ್ಟ್‌ವರೆಗೆ ಹೋಯಿತು. ಆಮೇಲೆ ಅದನ್ನು ನೆಲದಿಂದ ಎತ್ತಿಕೊಂಡು ನೋಡಿದೆ. ಒಡೆದ ಅಂಚು ಒಡೆದ ಗಾಜಿನ ಹಾಗೆ ನುಣುಪಾಗಿತ್ತು. ಒಳ್ಳೆಯ ಮಾಲು ಹರಿದರೆ ಅಂಚು ಎಳೆದು ಬೆಳ್ಳಗಾಗುತ್ತದೆ. ಇದರಲ್ಲಿ ಬಿಳುಪೇ ಇರಲಿಲ್ಲ. ನಿಮ್ಮ ಬಿರುಕಿನ ಅಂಚನ್ನು ಈಗಲೇ ಬೆಳಕಿಗೆ ಹಿಡಿದು ನೋಡಿ, ಬಿಳುಪು ಇದೆಯಾ ಹೇಳಿ. ಆದರೆ ಬಿಳುಪು ಇದ್ದರೂ ಲಾರಿ ನಿಂತೇ ಇರಬೇಕು.

ಕಾಳು ಬದಲಿಸಿದ ದಿನದಿಂದ ತಯಾರಾದ ಎಲ್ಲವನ್ನೂ ಬೇರೆ ಇಡಿ, ಕೆಂಪು ಚೀಟಿ ಹಾಕಿ. ಕಣ್ಣಲ್ಲಿ ನೋಡಿ ಒಳ್ಳೆಯದು ಕೆಟ್ಟದ್ದು ಆರಿಸಬೇಡಿ, ಕಣ್ಣಿಗೆ ಕಾಣುವ ದೋಷ ಅಲ್ಲ ಇದು. ಗ್ರಾಹಕರಿಗೆ ಇವತ್ತೇ ಬರಹದಲ್ಲಿ ತಿಳಿಸಿ. ಕಾಳು ಬದಲಾದರೆ ಮುಂಚೆಯೇ ತಿಳಿಸಿ ಒಪ್ಪಿಗೆ ತಗೊಳ್ಳಬೇಕು ಅಂತ ಪಿಪ್ಯಾಪ್‌ನಲ್ಲೇ, ಅಂದರೆ ಭಾಗಕ್ಕೆ ಗ್ರಾಹಕರ ಒಪ್ಪಿಗೆ ಪಡೆಯುವ ಕ್ರಮದಲ್ಲೇ, ಇದೆ. ಎರಡು ತಿಂಗಳಲ್ಲಿ ಎಷ್ಟು ಕಾರಿಗೆ ಹೋಗಿದೆ ಅನ್ನುವುದನ್ನು ಅವರೇ ಹುಡುಕಬೇಕು. ನೀವು ಹೇಳದೆ ಅವರು ಹುಡುಕಲು ಆಗುವುದಿಲ್ಲ.

ಖರೀದಿ ವಿಭಾಗ: ಹೇಳಿದರೆ ಆ ಮನುಷ್ಯನ ಕಾರ್ಖಾನೆಗೇ ಬೀಗ ಬೀಳುತ್ತದೆ. ಸುಮ್ನೆ ಹಳೇ ಕಾಳಿಗೆ ವಾಪಸ್ ಹೋಗಿ. ಎಲ್ಲರೂ ಮಾಡುವುದು ಇದನ್ನೇ.

ಟೂಲ್‌ರೂಮ್: ಎಲ್ಲರೂ ಮಾಡುತ್ತಾರಾ? ನಿಮ್ಮಲ್ಲಿ ಮಾಡುತ್ತಾರೆ ಅಂತ ಹೇಳಿ. ಈಗಾಗಲೇ ರಸ್ತೆಯಲ್ಲಿರುವ ಕಾರುಗಳ ಕತೆ ಏನು?

ಖರೀದಿ ವಿಭಾಗ: ಬೆಲೆ ಕಡಿತದ ಸಭೆಯಲ್ಲಿ ಕೂತು ನೋಡಿ, ಆಮೇಲೆ ನೀತಿ ಹೇಳಿ. ಅಚ್ಚು ತಿಕ್ಕುವವರಿಗೆ ಅದೆಲ್ಲ ತಿಳಿಯದು.

ಟೂಲ್‌ರೂಮ್: ಅಚ್ಚು ತಿಕ್ಕುವವರು ಮಾಡಿದ ಭಾಗ ಮಾರಿಯೇ ನೀವು ಸಂಬಳ ತಗೊಳ್ಳುವುದು. ಮಾತು ನೋಡಿಕೊಂಡು ಆಡಿ.

ಮೆಸೇಜ್ ಹಂಚುವವರು: ಒಂದು ಗುಂಪಿನಿಂದ ಬಂದಿದ್ದು: “ಬಿರುಸಾದ ಪ್ಲಾಸ್ಟಿಕ್ ಭಾಗವನ್ನು ಬಿಸಿನೀರಿನಲ್ಲಿ ಎರಡು ಗಂಟೆ ಮುಳುಗಿಸಿಟ್ಟರೆ ಗಟ್ಟಿಯಾಗುತ್ತದೆ, ಒಡೆಯುವುದಿಲ್ಲ. ಎಲ್ಲರಿಗೂ ಹಂಚಿ.”

ಇಂಜಿನಿಯರ್: ಹಂಚಬೇಡಿ! ಅದು ನೈಲಾನ್‌ಗೆ. ನೈಲಾನ್ ನೀರು ಹೀರಿ ಮೆತ್ತಗಾಗುತ್ತದೆ. ಪಾಲಿಪ್ರೊಪಿಲೀನ್ ನೀರು ಹೀರುವುದೇ ಇಲ್ಲ ಅನ್ನಬಹುದು. ಯಾರಾದರೂ ಇದನ್ನು ನಂಬಿ ಆ ಕವರ್‌ಗಳನ್ನು ನೀರಿಗೆ ಹಾಕಿ, ಒರೆಸಿ, ಮತ್ತೆ ಲಾರಿ ಹತ್ತಿಸುತ್ತಾರೆ. ಎಲ್ಲಿಂದ ಬಂತು, ಯಾವ ಪ್ಲಾಸ್ಟಿಕ್‌ಗೆ ಅಂತ ಗೊತ್ತಿಲ್ಲದ ಉಪಾಯವನ್ನು ಏರ್‌ಬ್ಯಾಗ್ ಇರುವ ಭಾಗದ ಚರ್ಚೆಯ ಕೆಳಗೆ ತಂದು ಹಾಕಬೇಡಿ.

ಮೆಸೇಜ್ ಹಂಚುವವರು: ಒಳ್ಳೆಯದಾಗಲಿ ಅಂತ ಹಾಕಿದೆ. ಇಷ್ಟು ಕೋಪ ಯಾಕೆ? ಇನ್ನೊಂದು ಇದೆ, ಕಿರಕಿರ ಶಬ್ದಕ್ಕೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ ಅಂತ.

ಇಂಜಿನಿಯರ್: ಅದೂ ಬೇಡ. ಸ್ಪ್ರೇ ಒರೆಸಿ ಹೋಗುತ್ತದೆ, ಶಬ್ದ ವಾಪಸ್ ಬರುತ್ತದೆ. ಸಿಲಿಕೋನ್ ಪಕ್ಕದ ಬಣ್ಣದ ಶಾಪ್ ಸೇರಿದರೆ ಬಣ್ಣದಲ್ಲಿ ಗುಳಿ ಬೀಳುತ್ತದೆ.

ಹೊಸ ಉದ್ಯಮಿ: ಎಲೆಕ್ಟ್ರಿಕ್ ಕಾರಿಗೆ ಕಿರಕಿರ ದೂರು ಜಾಸ್ತಿ ಅಂತಾರೆ, ನಿಜವಾ? ಟಚ್ ಇರುವ ಪ್ಯಾನಲ್, ಬೆಳಕಿನ ಟ್ರಿಮ್ ಮಾಡಲು ಹೊಸ ಯಂತ್ರ ತರಬೇಕು ಅಂತ ಇದ್ದೇನೆ.

ಇಂಜಿನಿಯರ್: ನಿಜ. ಇಂಜಿನ್ ಸದ್ದು ಇಲ್ಲದ ಮೇಲೆ ಎರಡು ಪ್ಲಾಸ್ಟಿಕ್ ಉಜ್ಜಿದ್ದು ಕೇಳಿಸುತ್ತದೆ. ಯಾವ ಜೋಡಿ ಕಿರುಗುಟ್ಟುತ್ತದೆ ಅಂತ ಅಳೆಯಲು ವಿಡಿಎ 230-206 ಇದೆ, ಅಪಾಯಕ್ಕೆ 1ರಿಂದ 10 ಅಂಕ. ಅಚ್ಚು ಮಾಡಿಸುವ ಮುಂಚೆಯೇ ಅಳೆಯಿರಿ. ಯಂತ್ರದ ವಿಷಯಕ್ಕೆ: ಆರ್ಡರ್ ಕೈಗೆ ಬರದೆ ತರಬೇಡಿ. ಫಿಲ್ಮ್ ಒಳಗಿಟ್ಟು ಅಚ್ಚು ಹಾಕುವ ಕೆಲಸವನ್ನು ಇರುವ ಯಂತ್ರದಲ್ಲೇ ಕಲಿಯಬಹುದು. ಮೊದಲು ಫಿಲ್ಮ್ ಸುಕ್ಕಾಗದಂತೆ, ಮುದ್ರಿತ ತಂತಿ ತುಂಡಾಗದಂತೆ ತೆಗೆಯಲು ಹುಡುಗರಿಗೆ ಬರಲಿ.

ಇನ್ನೊಬ್ಬ ಸದಸ್ಯ: ವಾಸನೆಗೆ ಏನು ಮಾಡಬೇಕು ಸರ್?

ಇಂಜಿನಿಯರ್: ಮೇಲೆ ಇದೆ.

ನಾರಿನ ಪ್ಯಾನಲ್: ಸೆಣಬಿನ ನಾರಿನ ಡೋರ್ ಪ್ಯಾನಲ್‌ಗೆ ಎಫ್‌ಎಂವಿಎಸ್‌ಎಸ್ 302ರಲ್ಲಿ (ಕಾರಿನ ಒಳಭಾಗ ಉರಿಯುವುದರ ಬಗ್ಗೆ ಅಮೆರಿಕದ ನಿಯಮ) ಉರಿಯುವ ವೇಗ ಜಾಸ್ತಿ ಬರುತ್ತಿದೆ. ನಿಮಿಷಕ್ಕೆ 102 ಮಿಲಿಮೀಟರಿನ ಒಳಗೆ ತರಲು ದಾರಿ ಇದೆಯಾ?

ಖರೀದಿ ವಿಭಾಗ: ಟೂಲ್‌ರೂಮ್ ಅವರೇ, ಗ್ರಾಹಕರು ಆರ್ಡರ್ ಕಿತ್ತುಕೊಂಡ ದಿನ ಆ ಕಾರ್ಖಾನೆಯ ಕೆಲಸಗಾರರಿಗೆ ಸಂಬಳ ನೀವು ಕೊಡುತ್ತೀರಾ?

ಟೂಲ್‌ರೂಮ್: ಆ ಚೂರು ಯಾರದೋ ಕಣ್ಣಿಗೆ ಹೋದರೆ ನೀವು ಹೋಗಿ ಉತ್ತರ ಹೇಳುತ್ತೀರಾ?

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಇನ್ನೊಬ್ಬ ಸದಸ್ಯ: ಮೇಲೆ ಎಲ್ಲಿ? ಸಿಗುತ್ತಿಲ್ಲ.

ಇಂಜಿನಿಯರ್: ಹುಡುಕಿ ಸ್ವಾಮಿ, ಬೆರಳಾಡಿಸಿದರೆ ಸಿಗುತ್ತದೆ. ಖರೀದಿಯವರಿಗೆ ಒಂದೇ ಮಾತು. ಹೇಳಿದರೆ ಆರ್ಡರ್ ಹೋಗಬಹುದು, ಸುಳ್ಳು ಹೇಳುವುದಿಲ್ಲ. ಆದರೆ ಮುಚ್ಚಿಟ್ಟದ್ದು ಗೊತ್ತಾದ ದಿನ ಕೈಲಿರುವ ಎಲ್ಲ ಆರ್ಡರೂ ಹೋಗುತ್ತದೆ. ಲಾಭ ಕಾಳಿನಲ್ಲಿ ಹುಡುಕಬೇಡಿ. ಸೈಕಲ್, ಅಂದರೆ ಒಂದು ಭಾಗ ಅಚ್ಚಿನಿಂದ ಬರುವ ಸಮಯ, 60 ಸೆಕೆಂಡಿನಿಂದ 55ಕ್ಕೆ ಇಳಿದರೆ ಗಂಟೆಗೆ 60ರ ಜಾಗದಲ್ಲಿ 65 ಬರುತ್ತದೆ. ಅಚ್ಚಿನ ತಂಪು ನೀರಿನ ದಾರಿಯಲ್ಲಿ ಪಾಚಿ, ತುಕ್ಕು ಕಟ್ಟಿದೆಯಾ ಅಂತ ಎಷ್ಟು ಜನ ನೋಡಿದ್ದೀರಿ?

ಸಣ್ಣ ಘಟಕ: ಸರ್, ಅಂಚು ನೋಡಿದೆ. ನುಣುಪಾಗಿದೆ, ಬಿಳುಪು ಇಲ್ಲ. ಲಾರಿ ನಿಲ್ಲಿಸಿದ್ದೇನೆ. ಪತ್ರ ಈಗಷ್ಟೇ ಕಳಿಸಿದೆ, ಕೈ ನಡುಗುತ್ತಿದೆ. ಗೋದಾಮಿನ ಪೆಟ್ಟಿಗೆಗಳಿಗೆಲ್ಲ ಕೆಂಪು ಚೀಟಿ ಹಾಕಿದ್ದೇವೆ, ಆದರೆ 4 ಪೆಟ್ಟಿಗೆ ಮೇಲೆ ತಾರೀಖೇ ಇಲ್ಲ.

ಇಂಜಿನಿಯರ್: ಒಳ್ಳೆಯ ಕೆಲಸ ಮಾಡಿದಿರಿ. ಆ 4 ಪೆಟ್ಟಿಗೆ ಬಿಚ್ಚಿ, ಭಾಗದ ಹಿಂಭಾಗದಲ್ಲಿ ಅಚ್ಚಿನ ತಾರೀಖಿನ ಗಡಿಯಾರ ಗುರುತು ಇರುತ್ತದೆ, ಬಾಣ ಯಾವ ತಿಂಗಳ ಮೇಲಿದೆ ನೋಡಿ. ಶಿಫ್ಟಿನವರು ಬಾಣ ತಿರುಗಿಸಿದ್ದಾರೆ ಅಂತ ಖಾತ್ರಿ ಇಲ್ಲದಿದ್ದರೆ ಅವಕ್ಕೂ ಕೆಂಪು ಚೀಟಿ. ಗ್ರಾಹಕರು ಫೋನ್ ಮಾಡಿದಾಗ ನನ್ನನ್ನೂ ಸೇರಿಸಿಕೊಳ್ಳಿ.

ಶಿಫ್ಟ್ ಎರಡು: ಒಣಗಿಸಿದೆ, ಗೆರೆ ಇನ್ನೂ ಇದೆ.