ಶ್ವಾಸಕೋಶ ‘ಬೆಳೆಯುವುದಾ’, ‘ಬಲಿಯುವುದಾ’?

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿರುವ ನನ್ನ ಅಕ್ಕನ ಮಗಳಿಗೆ 31ನೇ ವಾರದಲ್ಲೇ ಹೆರಿಗೆ ನೋವು ಶುರುವಾಯಿತು. ಆಸ್ಪತ್ರೆಯಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. 12 ಗಂಟೆಗೊಮ್ಮೆ 6 ಮಿಲಿಗ್ರಾಂ, ಒಟ್ಟು 4 ಸಲ. ಯಾಕೆಂದು ಅಕ್ಕ ಕೇಳಿದಳು. ಮಗುವಿನ ಶ್ವಾಸಕೋಶಕ್ಕೆ ಇನ್ನೂ ‘ಮೂಪ್ಪ್’ ಬಂದಿಲ್ಲ ಎಂದರು ಮಲಯಾಳಿ ನರ್ಸ್. ಅಕ್ಕನಿಗೆ ಕೇಳಿಸಿದ್ದು ‘ಮುಪ್ಪು’. ಹುಟ್ಟದ ಮಗುವಿಗೆ ಎಂಥ ಮುಪ್ಪು ಅಂತ ಹೆದರಿ ನನಗೆ ಫೋನ್ ಮಾಡಿದಳು. ಎರಡೂ ಒಂದೇ ಬೇರಿನ ಪದಗಳು. ಆದರೆ ಮಲಯಾಳದಲ್ಲಿ ಮೂಪ್ಪ್ ಎಂದರೆ ಬಲಿಯುವುದು, ಅವರಲ್ಲಿ ತೆಂಗಿನಕಾಯಿಗೂ ಮೂಪ್ಪ್ ಬರುತ್ತದೆ, ನಮ್ಮಲ್ಲಿ ಮುಪ್ಪು ಬರುವುದು ವಯಸ್ಸಾದವರಿಗೆ.

ಆಮೇಲೆ ಇನ್ನೊಬ್ಬರು ಕನ್ನಡದಲ್ಲೇ, ‘ಶ್ವಾಸಕೋಶ ಬೆಳೆಯಲಿಕ್ಕೆ’ ಎಂದು ಹೇಳಿದರಂತೆ. ಎಲ್ಲರೂ ಹೀಗೇ ಹೇಳುತ್ತಾರೆ. ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ಈ ಔಷಧ ತಾಯಿಯ ರಕ್ತದಿಂದ ಮಾಸು ದಾಟಿ ಮಗುವಿಗೆ ಹೋಗುತ್ತದೆ. ಶ್ವಾಸಕೋಶದ ಸಣ್ಣ ಸಣ್ಣ ಗಾಳಿಚೀಲಗಳಲ್ಲಿ ಸರ್ಫ್ಯಾಕ್ಟೆಂಟ್ ಎಂಬ ಪಸೆ ಬೇಗ ತಯಾರಾಗುವಂತೆ ಮಾಡುತ್ತದೆ. ಆ ಪಸೆ ಇದ್ದರೆ ಉಸಿರು ಬಿಟ್ಟಾಗ ಚೀಲಗಳು ಮುದುಡಿ ಅಂಟಿಕೊಳ್ಳುವುದಿಲ್ಲ. ಗಾತ್ರ ಹೆಚ್ಚಿಸುವ ಮದ್ದು ಇದಲ್ಲ. ಮತ್ತೆ ಮತ್ತೆ ಕೊಟ್ಟರೆ ಮಗುವಿನ ತೂಕ ಕಡಿಮೆಯಾಗುವುದೂ ಉಂಟು. ಹಾಗಿರುವಾಗ ‘ಬೆಳೆಯಲಿಕ್ಕೆ’ ಎಂದರೆ ಮನೆಯವರು ಇನ್ನೆರಡು ಜಾಸ್ತಿ ಕೊಡಿ ಅಂತ ಕೇಳಲಾರರೇ?

ನ್ಯೂಜಿಲೆಂಡಿನ ವೈದ್ಯ ಲಿಗಿನ್ಸ್ ಇದನ್ನು ಮೊದಲು ಗಮನಿಸಿದ್ದು, ಹೊಟ್ಟೆಯಲ್ಲಿರುವಾಗಲೇ ಇಂಥ ಔಷಧ ಕೊಟ್ಟಿದ್ದ ಕುರಿಮರಿಗಳಲ್ಲಿ. ಅವಧಿಗೆ ಬಹಳ ಮೊದಲೇ ಹುಟ್ಟಿದ, ಉಸಿರಾಡಲಾರದು ಅಂದುಕೊಂಡ ಮರಿ ಉಸಿರಾಡಿತು. ಮಕ್ಕಳ ವೈದ್ಯ ಹೋವಿ ಜೊತೆ ಸೇರಿ ತಾಯಂದಿರಲ್ಲಿ ಮಾಡಿದ ಪರೀಕ್ಷೆಯ ಫಲ 1972ರಲ್ಲಿ ಹೊರಬಂತು. ಆ ಮರಿಯ ಶ್ವಾಸಕೋಶ ಬೆಳೆದದ್ದಲ್ಲ, ಬಲಿತದ್ದು ಅಲ್ವಾ?

ನಮ್ಮ ತೋಟದ ಬೊಂಡವನ್ನೇ ನೋಡಿ. ಗಾತ್ರದಲ್ಲಿ ತೆಂಗಿನಕಾಯಿಯಷ್ಟೇ ಇರುತ್ತದೆ, ಒಳಗೆ ತಿರುಳು ಮಾತ್ರ ಬಲಿತಿರುವುದಿಲ್ಲ. ಅಕ್ಕನಿಗೆ ಹೀಗೆ ಹೇಳಿದಾಗ ತಟ್ಟನೆ ಅರ್ಥವಾಯಿತು. ಪುಸ್ತಕದ ‘ಪಕ್ವತೆ’ ಹೇಳಿದ್ದರೆ ಮತ್ತೆ ಅದಕ್ಕೊಂದು ವಿವರಣೆ ಬೇಕಾಗುತ್ತಿತ್ತು. ಮಗು ಈಗ ಚೆನ್ನಾಗಿ ಉಸಿರಾಡುತ್ತಿದೆ.

ನನಗೆ ಉಳಿದಿರುವ ತೊಡಕು ಇಷ್ಟು. ರೆಕ್ಕೆ ಬಲಿಯುತ್ತದೆ, ಎಲುಬು ಬಲಿಯುತ್ತದೆ ಅನ್ನುತ್ತೇವೆ. ಶ್ವಾಸಕೋಶಕ್ಕೂ ಅದು ಒಗ್ಗುತ್ತದೆಯೇ? ‘ಶ್ವಾಸಕೋಶ ಬಲಿಯುವ ಇಂಜೆಕ್ಷನ್’ ಎಂದರೆ ಇಂಜೆಕ್ಷನ್ನೇ ಬಲಿತ ಹಾಗೆ ಕೇಳುತ್ತದೆ. ‘ಬಲಿ’ ಎಂದೊಡನೆ ಬೇರೆ ಅರ್ಥವೂ ನೆನಪಾಗುತ್ತದೆ, ಹೆದರಿದ ತಾಯಿಯ ಎದುರು ಆ ಪದ ಬೇಡ. ‘ಬಲಿಸುವ’ ಎಂಬ ರೂಪ ನಿಮ್ಮ ಊರಿನ ಮಾತಿನಲ್ಲಿ ಉಂಟೇ? ಸುಳ್ಯ, ಪುತ್ತೂರು, ಘಟ್ಟದ ಮೇಲಿನವರು ದಯವಿಟ್ಟು ಹೇಳಿ.